ಪಾರಿವಾಳದ ಬಗ್ಗೆ ಬರೀಬಾರದಾ, ಡಾರ್ವಿನ್ನೋರೇ?

ನಾಗರಾಜ ಮನೆ ಬದಲಾಯಿಸಿದ. ಮೂರನೇ ಮಹಡಿ. ಲಿಫ್ಟ್ ಇದೆ, ಸುಮ್ನೆ ಬಂದು ನಿಂತ್ಕೊಳ್ಳಿ ಸಾಕು ಅಂತ ನಮ್ಮನ್ನು ಕರೆದಿದ್ದ. ಲಿಫ್ಟ್ ಇತ್ತು. ಅದರ ಬಾಗಿಲಿಗೆ ‘ಕೆಟ್ಟಿದೆ’ ಅನ್ನುವ ಚೀಟಿಯೂ ಇತ್ತು. ಮಂಚ, ಫ್ರಿಡ್ಜು, ಬೀರು ಎಲ್ಲ ಕೂಲಿಯವರು ಹೊತ್ತರು. ಪುಸ್ತಕದ ಡಬ್ಬ ಕಂಡ ಕೂಡಲೇ, “ಇದು ನಮ್ಮಿಂದಾಗಲ್ಲ ಸಾರ್, ಸೊಂಟ ಹೋಗುತ್ತೆ” ಅಂದುಬಿಟ್ಟರು. ಅನುಭವಸ್ಥರು.

ಹಾಗಾಗಿ ಹನ್ನೊಂದು ಡಬ್ಬ ನಮ್ಮ ಪಾಲಿಗೆ ಬಂತು. ಏಳನೆಯದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ‘ಯುರೋಪನ್ನು ಬದಲಿಸಿದ ಪುಸ್ತಕಗಳು’ ಅಂತ ಬರೆದಿತ್ತು. ಎರಡನೇ ಮಹಡಿ ತಲುಪುವಷ್ಟರಲ್ಲಿ ಬಸು ಅದನ್ನು ಇಳಿಸಿ ಅದರ ಮೇಲೇ ಕೂತುಬಿಟ್ಟ.

“ಯುರೋಪ್ ಬದಲಾಯ್ತೋ ಇಲ್ವೋ ಗೊತ್ತಿಲ್ಲ. ನನ್ನ ಬೆನ್ನುಮೂಳೆ ಬದಲಾಯ್ತು,” ಅಂದ. “ಲೋ ನಾಗ, ಇದನ್ನೆಲ್ಲ ಓದಿದ್ದೀಯೇನೋ?”

“ಓದೋದು ಬೇರೆ, ಇಟ್ಟುಕೊಳ್ಳೋದು ಬೇರೆ,” ಅಂದ ನಾಗರಾಜ, ಬಹಳ ಗಂಭೀರವಾಗಿ.

ಶಾಂತಲಾ ಜೋರಾಗಿ ನಕ್ಕಳು. ಮೂವತ್ತು ವರ್ಷ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದವಳು. ಆವತ್ತು ಅವಳು ಹೊತ್ತಿದ್ದು ಒಂದೇ ಒಂದು ಪರದೆ ಕೋಲು. “ಕೊಪರ್ನಿಕಸ್ ಬಗ್ಗೆಯೂ ಹೀಗೇ ಒಂದು ಮಾತಿತ್ತು,” ಅಂದಳು. “ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತೆ ಅಂತ ಬರೆದ ಅವನ ಪುಸ್ತಕ 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯ್ತು. ಅದೇ ವರ್ಷ ಅವನೂ ಹೋದ. ನಾನೂರು ವರ್ಷ ಆದಮೇಲೆ ಒಬ್ಬ ಲೇಖಕ ಅದನ್ನ ‘ಯಾರೂ ಓದದ ಪುಸ್ತಕ’ ಅಂತ ಕರೆದ. ಇದು ಓವನ್ ಗಿಂಗರಿಚ್ ಅನ್ನೋ ಖಗೋಳ ವಿಜ್ಞಾನಿಯ ತಲೆ ಹೊಕ್ಕಿತು. ಮೂವತ್ತು ವರ್ಷ ಲೈಬ್ರರಿಯಿಂದ ಲೈಬ್ರರಿಗೆ ಅಲೆದು, ಉಳಿದಿದ್ದ ಸುಮಾರು 600 ಪ್ರತಿಗಳನ್ನ ಹುಡುಕಿ ನೋಡಿದ. ಎಷ್ಟೋ ಪ್ರತಿಗಳ ಅಂಚಿನ ತುಂಬಾ ಟಿಪ್ಪಣಿ!”

“ಯಾರೋ ಒಂದು ಮಾತು ಅಂದಿದ್ದಕ್ಕೆ ಮೂವತ್ತು ವರ್ಷವಾ?” ಅಂದ ಬಸು. “ನಮ್ಮ ಸೋದರಮಾವನ ಕೋರ್ಟ್ ಕೇಸೇ ಇಪ್ಪತ್ತೆರಡಕ್ಕೆ ಮುಗೀತು.”

“ಇನ್ನೂ ಕೇಳು. 1616ರಲ್ಲಿ ಚರ್ಚು ಅದನ್ನ ‘ತಿದ್ದುವವರೆಗೆ’ ಓದಬಾರದು ಅಂತು. 1620ರಲ್ಲಿ ಯಾವ ಸಾಲು ಹೊಡೆದುಹಾಕಬೇಕು ಅಂತ ಪಟ್ಟಿ ಬಂತು. ಇಟಲಿಯಲ್ಲಿ ಮೂರರಲ್ಲಿ ಎರಡು ಪಾಲು ಪ್ರತಿ ತಿದ್ದಿದ್ದರು. ಬೇರೆ ಕಡೆ ಬಹುತೇಕ ಯಾರೂ ಪೆನ್ನೇ ಮುಟ್ಟಿರಲಿಲ್ಲ.”

“ಸರ್ಕ್ಯುಲರ್ ತಲುಪಿದೆ, ಫೈಲ್ ಮಾಡಲಾಗಿದೆ,” ಅಂದೆ ನಾನು. ನೌಕರಿಯಲ್ಲಿ ಮೂವತ್ತನಾಲ್ಕು ವರ್ಷ ಕಳೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೇಗೋ ಡಬ್ಬ ಮೇಲೆ ಬಂತು. ನಾಗರಾಜನ ಹೆಂಡತಿ ಸುಮಾ ಕಾಫಿ ಕೊಟ್ಟಳು. ಕುರ್ಚಿಗಳು ಇನ್ನೂ ಕೆಳಗೇ ಇದ್ದವು. ನೆಲದ ಮೇಲೆ ಕೂತೆವು. ಅಷ್ಟರಲ್ಲಿ ಬಾಲ್ಕನಿಯಿಂದ ಒಂದು ಪಾರಿವಾಳ ಒಳಗೆ ಬಂದು, ಹಾಲ್ ಎಲ್ಲ ನೋಡಿ, ಬಾಡಿಗೆ ಎಷ್ಟು ಅಂತ ವಿಚಾರಿಸುವವರ ಹಾಗೆ ಕತ್ತು ಕೊಂಕಿಸಿ ಹೊರಗೆ ಹೋಯಿತು.

“ನೋಡು, ನಾವು ಈಗ ಮಾಡ್ತಿರೋದನ್ನೇ ಗೆಲಿಲಿಯೊ ಪುಸ್ತಕ ಮಾಡಿದ,” ಅಂದಳು ಶಾಂತಲಾ. “1632ರದ್ದು. ಪಂಡಿತರ ಲ್ಯಾಟಿನ್ ಬಿಟ್ಟು ಇಟಾಲಿಯನ್‌ನಲ್ಲಿ ಬರೆದ. ವೆನಿಸ್‌ನಲ್ಲಿ ಒಬ್ಬ ಸ್ನೇಹಿತನ ಮನೆ. ಮೂರು ಜನ. ನಾಲ್ಕು ದಿನ. ಬರೀ ಹರಟೆ. ಸಾಲ್ವಿಯಾಟಿ ಬುದ್ಧಿವಂತ, ಸಾಗ್ರೆಡೊ ಕುತೂಹಲದವನು, ಸಿಂಪ್ಲಿಚಿಯೊ ಹಳೇ ಪಾಠ ಒಪ್ಪಿಸೋನು. ಭೂಮಿ ತಿರುಗುತ್ತೋ ಇಲ್ವೋ ಅಂತ ವಾದ.”

“ಸಾಲ್ವಿಯಾಟಿ ನೀನು,” ಅಂದ ನಾಗರಾಜ. “ಮನೆ ನಂದು, ಹಾಗಾಗಿ ಸಾಗ್ರೆಡೊ ನಾನು.”

ಎಲ್ಲರೂ ಬಸು ಕಡೆ ನೋಡಿದೆವು.

“ಏನ್ ನೋಡ್ತೀರಾ? ಡಬ್ಬ ಹೊತ್ತೋನು ನಾನು!” ಅಂದ ಬಸು.

ಗೆಲಿಲಿಯೊ ಮಾಡಿದ ಎಡವಟ್ಟು ಇದೇ. ಆಗಿನ ಪೋಪ್ ಎಂಟನೇ ಅರ್ಬನ್ ಅವನಿಗೆ ಹಳೇ ಪರಿಚಯ, ಅಭಿಮಾನಿ ಬೇರೆ. ನನ್ನ ವಾದವನ್ನೂ ಪುಸ್ತಕದಲ್ಲಿ ಸೇರಿಸಪ್ಪ ಅಂದಿದ್ದ. ಗೆಲಿಲಿಯೊ ಸೇರಿಸಿದ. ಆದರೆ ಯಾರ ಬಾಯಲ್ಲಿ? ಸಿಂಪ್ಲಿಚಿಯೊ ಬಾಯಲ್ಲಿ! ಆ ಹೆಸರು ಕೇಳಿದರೆ ಅಲ್ಲಿನವರಿಗೆ ‘ಪೆದ್ದ’ ಅನ್ನುವ ಮಾತು ನೆನಪಾಗುತ್ತದೆ. 1633ರಲ್ಲಿ ವಿಚಾರಣೆ ನಡೆಯಿತು. ಆಮೇಲೆ ಸಾಯುವವರೆಗೆ ಮನೆಯಲ್ಲೇ ಸೆರೆ. ಸಾಹೇಬರ ಮಾತನ್ನು ಆಫೀಸಿನ ನಾಟಕದ ವಿದೂಷಕನ ಬಾಯಿಗೆ ಹಾಕಿದರೆ ಇನ್ನೇನಾಗುತ್ತೆ?

ಶಾಂತಲಾ ಇನ್ನೊಂದು ಮಾತು ಹೇಳಿದಳು. ಆ ಸಾಲ್ವಿಯಾಟಿ, ಸಾಗ್ರೆಡೊ ಇಬ್ಬರೂ ಗೆಲಿಲಿಯೊನ ನಿಜವಾದ ಸ್ನೇಹಿತರು. ಪುಸ್ತಕ ಬರುವ ಹೊತ್ತಿಗೆ ಇಬ್ಬರೂ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಅವರನ್ನು ಎಬ್ಬಿಸಿ ತಂದು ಕೂರಿಸಿ, ನಾಲ್ಕು ದಿನ ಮಾತಾಡಿಸಿದ. ನಾವು ನಾಲ್ವರೂ ಸ್ವಲ್ಪ ಹೊತ್ತು ಕಾಫಿಯನ್ನೇ ನೋಡುತ್ತಾ ಕೂತೆವು. ಈ ವಯಸ್ಸಿನಲ್ಲಿ ಇಂಥದ್ದೆಲ್ಲ ಸ್ವಲ್ಪ ಜಾಸ್ತಿಯೇ ತಟ್ಟುತ್ತದೆ.

ಮೌನ ಮುರಿದಿದ್ದು ನಾಗರಾಜ. “ನ್ಯೂಟನ್‌ಗಾದ್ರೂ ಮರ್ಯಾದೆ ಸಿಕ್ತಲ್ಲ. ಅವನ ಪುಸ್ತಕವನ್ನ ಲಂಡನ್ನಿನ ವಿಜ್ಞಾನಿಗಳ ಸಂಘ, ರಾಯಲ್ ಸೊಸೈಟಿಯೇ ಹಾಕ್ತು.”

“ಹೆಸರು ಮಾತ್ರ ಸೊಸೈಟಿದು. ದುಡ್ಡು ಹ್ಯಾಲಿದು,” ಅಂದಳು ಶಾಂತಲಾ. “ಧೂಮಕೇತುವಿನ ಹ್ಯಾಲಿ. ಸೊಸೈಟಿ ಹಿಂದಿನ ವರ್ಷ, 1686ರಲ್ಲಿ, ಮೀನುಗಳ ಬಗ್ಗೆ ಚಿತ್ರಗಳಿರೋ ಭರ್ಜರಿ ಪುಸ್ತಕ ಹಾಕಿಸಿ ಕೈ ಖಾಲಿ ಮಾಡಿಕೊಂಡಿತ್ತು. ಮೀನು ಮಾರಾಟವಾಗಲಿಲ್ಲ. ಗುರುತ್ವಾಕರ್ಷಣೆಗೆ ಕಾಸಿಲ್ಲ. ಕೊನೆಗೆ ಸೊಸೈಟಿಯಲ್ಲಿ ಗುಮಾಸ್ತೆಯಾಗಿದ್ದ ಹ್ಯಾಲಿ ತನ್ನ ಕೈಯಿಂದಲೇ ಖರ್ಚು ಹಾಕಿ 1687ರಲ್ಲಿ ನ್ಯೂಟನ್ನನ ಪುಸ್ತಕ ತಂದ.”

“ಪಾಪ. ಸೊಸೈಟಿ ಅವನಿಗೇನು ಕೊಡ್ತು?”

“ಸಂಬಳದ ಬದಲು ಮೀನಿನ ಪುಸ್ತಕ, 50 ಪ್ರತಿ.”

ಬಸುಗೆ ಕಾಫಿ ನೆತ್ತಿಗೇರಿತು. ಬೆನ್ನು ತಟ್ಟಬೇಕಾಯಿತು. ಆ ಬೆನ್ನು ಮೊದಲೇ ನೋಯುತ್ತಿತ್ತು.

ಅಷ್ಟರಲ್ಲಿ ಪಾರಿವಾಳ ಮತ್ತೆ ಬಂತು. ಈ ಸಲ ಸಂಸಾರ ಸಮೇತ. “ಅಯ್ಯೋ, ಇವುಗಳ ಕಾಟ!” ಅಂತ ಸುಮಾ ಪರದೆ ಕೋಲು ಎತ್ತಿಕೊಂಡು ಓಡಿದಳು.

“ಪಾರಿವಾಳ ಅಂದ್ರೆ ಅಷ್ಟು ಹಗುರಾಗಿ ನೋಡ್ಬೇಡ ಸುಮಾ,” ಅಂದಳು ಶಾಂತಲಾ. “ಡಾರ್ವಿನ್ ತನ್ನ ವಿಕಾಸವಾದದ ಪುಸ್ತಕವನ್ನ ಪ್ರಕಾಶಕನಿಗೆ ಕೊಟ್ಟಾಗ, ಅವನು ಒಬ್ಬ ಪಾದ್ರಿಗೆ ಹಸ್ತಪ್ರತಿ ಓದೋಕೆ ಕೊಟ್ಟ. ಆ ಪಾದ್ರಿ ಒಂದು ಪತ್ರಿಕೆಯ ಸಂಪಾದಕನೂ ಹೌದು. ಅವನು ಓದಿ ಏನಂದ ಗೊತ್ತಾ? ಇದೆಲ್ಲ ಯಾಕೆ, ಬರೀ ಪಾರಿವಾಳದ ಮೇಲೆ ಒಂದು ಪುಸ್ತಕ ಬರೆಯಲಿ, ಪಾರಿವಾಳ ಅಂದ್ರೆ ಎಲ್ಲರಿಗೂ ಇಷ್ಟ ಅಂದ.”

“ಎಲ್ಲರಿಗೂ?” ಅಂತ ಬಾಲ್ಕನಿಯಿಂದ ಸುಮಾಳ ದನಿ ಬಂತು.

ಡಾರ್ವಿನ್ ಕೇಳಲಿಲ್ಲ. ಆದರೂ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳನ್ನು ಬೇಕಾದಷ್ಟು ತುಂಬಿದ. ಅವನೇ ಸಾಕಿದ್ದ. 1859ರ ನವೆಂಬರ್‌ನಲ್ಲಿ ಪುಸ್ತಕ ಬಂತು, 1250 ಪ್ರತಿ. ಅಂಗಡಿಯವರು ಅಷ್ಟನ್ನೂ ಎತ್ತಿಕೊಂಡರು. ತಮಾಷೆ ಅಂದರೆ, 1559ರಿಂದ 1966ರವರೆಗೆ ರೋಮಿನಲ್ಲಿ ನಿಷೇಧಿತ ಪುಸ್ತಕಗಳ ದೊಡ್ಡ ಪಟ್ಟಿಯೇ ಇತ್ತಲ್ಲ, ಅದರಲ್ಲಿ ಡಾರ್ವಿನ್ ಹೆಸರು ಹುಡುಕಿದರೆ ಸಿಗುತ್ತದೆ. ಆದರೆ ಇವನದಲ್ಲ, ಇವನ ತಾತ ಇರಾಸ್ಮಸ್ ಡಾರ್ವಿನ್‌ನದು! ಮೊಮ್ಮಗ ಪೂರಾ ತಪ್ಪಿಸಿಕೊಂಡ.

“ನಂದೊಂದು ಥಿಯರಿ,” ಅಂದ ಬಸು, ಲೋಟ ಕೆಳಗಿಟ್ಟು. “ಯುರೋಪನ್ನ ಬದಲಿಸಿದ್ದು ಬರೆದವರೂ ಅಲ್ಲ, ಓದಿದವರೂ ಅಲ್ಲ. ಸರಿಯಾಗಿ ಓದಬೇಕಾಗಿದ್ದು ಓದದೇ ಬಿಟ್ಟರಲ್ಲ, ಅವರು.”

ಸಿಂಪ್ಲಿಚಿಯೊ ಬಾಯಿಂದ ಈ ಮಾತು ಬಂದೀತು ಅಂತ ಯಾರೂ ಅಂದುಕೊಂಡಿರಲಿಲ್ಲ. ಶಾಂತಲಾ ಕೂಡ ತಲೆ ಆಡಿಸಿದಳು. ಮಾರ್ಕ್ಸ್ ಕಥೆ ನೆನಪಾಯಿತು ಅವಳಿಗೆ. ಅವನ ‘ಕ್ಯಾಪಿಟಲ್’ 1867ರಲ್ಲಿ ಜರ್ಮನ್ ಭಾಷೆಯಲ್ಲಿ 1000 ಪ್ರತಿ ಅಚ್ಚಾಗಿ, ಖರ್ಚಾಗುವುದಕ್ಕೆ ನಾಲ್ಕು ವರ್ಷ ಎಳೆಯಿತು. ಬರೆಯುವಾಗ ಸೇದಿದ ಸಿಗಾರಿನ ದುಡ್ಡೂ ಹುಟ್ಟಲ್ಲ ಅಂದಿದ್ದನಂತೆ. 1872ರಲ್ಲಿ ರಷ್ಯನ್ ಅನುವಾದ ಚಕ್ರವರ್ತಿಯ ಸೆನ್ಸಾರ್ ಮುಂದೆ ಬಂತು. ಇದನ್ನು ಓದುವವರೇ ಕಮ್ಮಿ, ಓದಿದರೂ ಅರ್ಥವಾಗುವವರು ಇನ್ನೂ ಕಮ್ಮಿ ಅಂತ ಬರೆದು ಅವರು ಬಿಟ್ಟುಬಿಟ್ಟರು.

“ಫ್ರಾನ್ಸ್‌ನಲ್ಲಿ ಇನ್ನೂ ಮಜ,” ಅಂದಳು. “ದಿದರೋ ಅನ್ನೋ ಲೇಖಕ ವಿಶ್ವಕೋಶ ತರ್ತಿದ್ದ. ಕಾಗದಪತ್ರ ಜಪ್ತಿ ಮಾಡೋಕೆ ಆರ್ಡರ್ ಆಯ್ತು. ಆರ್ಡರ್ ಹೊರಡಿಸಬೇಕಾದ ಅಧಿಕಾರಿ ಮಾಲ್ಜರ್ಬ್ ಮೊದಲೇ ಅವನಿಗೆ ಸುದ್ದಿ ಕೊಟ್ಟ. ಬಚ್ಚಿಡೋಕೆ ಜಾಗ ಇಲ್ಲ ಅಂದ ದಿದರೋ. ನಮ್ಮನೆಗೇ ಕಳಿಸು, ಅಲ್ಲಿ ಯಾರೂ ಹುಡುಕಲ್ಲ ಅಂದ ಮಾಲ್ಜರ್ಬ್.”

“ಹೊತ್ತೋರ್ಯಾರು?” ಅಂತ ಬಸು ಕೇಳಿದ. ಇತಿಹಾಸದಲ್ಲಿ ಅವನಿಗೆ ಬೇಕಾಗಿದ್ದು ಅದೊಂದೇ.

ಸುಮಾ ಒಳಗೆ ಬಂದು ಕೋಲು ಊರಿ ನಿಂತಳು. “ಹರಟಿದ್ದು ಸಾಕು. ಬಾಲ್ಕನಿ ಮೂಲೆಯಲ್ಲಿ ಗ್ರಿಲ್ ಕೆಳಗೆ ಇಷ್ಟಗಲ ಸಂದಿ ಇದೆ, ಅಲ್ಲಿಂದಲೇ ನುಗ್ತಿವೆ. ಅಡ್ಡಕ್ಕೆ ಭಾರವಾಗಿರೋದು ಏನಾದ್ರೂ ಇಡಿ.”

ನಾವು ನಾಲ್ವರೂ ಒಟ್ಟಿಗೆ ಏಳನೇ ಡಬ್ಬದ ಕಡೆ ತಿರುಗಿದೆವು. ನಾಗರಾಜ ಬೇಡ ಬೇಡ ಅಂದ. ಎರಡು ದಿನದ ಮಟ್ಟಿಗೆ ಅಷ್ಟೇ, ಬಲೆ ಹಾಕಿಸೋವರೆಗೆ, ಅಂತ ಸುಮಾ ಒಪ್ಪಿಸಿದಳು. ಬಸು ಒಬ್ಬನೇ ಎತ್ತಿಕೊಂಡು ಹೋಗಿ ಇಟ್ಟು ಬಂದ, ಒಂದು ಸಲವೂ ಬೆನ್ನು ನೋವು ಅನ್ನಲಿಲ್ಲ.

ಎರಡು ವಾರ ಬಿಟ್ಟು ಹೋದೆ. ಲಿಫ್ಟ್ ಸರಿಹೋಗಿತ್ತು. ಬಲೆ ಬಂದಿತ್ತು, ಆದರೆ ಹಾಕಿಸಿರಲಿಲ್ಲ. ನಾಗರಾಜ ಬಾಯಿ ಮೇಲೆ ಬೆರಳಿಟ್ಟು ನನ್ನನ್ನು ಬಾಲ್ಕನಿ ಬಾಗಿಲವರೆಗೆ ಕರೆದುಕೊಂಡು ಹೋದ. ಡಬ್ಬದ ಮೇಲೆ, ‘ಯುರೋಪನ್ನು’ ಮತ್ತು ‘ಬದಲಿಸಿದ’ ಇವುಗಳ ನಡುವೆ, ನಾಲ್ಕು ಕಡ್ಡಿ ಹಾಸಿಕೊಂಡು ಪಾರಿವಾಳ ಕಾವಿಗೆ ಕೂತಿತ್ತು.

“ಎರಡು ಮೊಟ್ಟೆ,” ಅಂತ ಪಿಸುಗುಟ್ಟಿದ ನಾಗರಾಜ. “ಈ ತಿಂಗಳೆಲ್ಲ ಡಬ್ಬ ಬಿಚ್ಚೋ ಹಾಗಿಲ್ಲ.” ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಯಾವತ್ತೂ ನೋಡಿರಲಿಲ್ಲ.