ಸಹಾಯ ಬೇಕು: ಬಿಸಿಲೇರಿದರೆ ಕಾಲುವೆ ಮೀಟರ್ ನೀರು ಕಡಿಮೆ ತೋರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ಕಡೆಯ ನೀರು ಬಳಕೆದಾರರ ಸಂಘ. ಘಟಪ್ರಭಾ ಎಡದಂಡೆಯ ವಿತರಣಾ ಕಾಲುವೆಯಲ್ಲಿ ಪಾರ್ಶಲ್ ಫ್ಲೂಮ್ (ಹರಿವು ಅಳೆಯಲು ಕಾಲುವೆಯನ್ನು ಕಿರಿದು ಮಾಡಿದ ಭಾಗ) ಇದೆ, ಮೇಲೆ ಅಲ್ಟ್ರಾಸಾನಿಕ್ ಸೆನ್ಸರ್ ಕೂಡಿಸಿದ್ದಾರೆ. ಅದು ನೀರಿನ ಕಡೆ ಶಬ್ದ ಬಿಟ್ಟು, ಪ್ರತಿಧ್ವನಿ ಬರುವ ಸಮಯದಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುತ್ತದೆ. ಬೆಳಿಗ್ಗೆ ಗೇಜ್ ಪಟ್ಟಿಗೂ ಮೀಟರಿಗೂ ಸರಿಯಾಗಿ ಹೊಂದುತ್ತದೆ. ಮಧ್ಯಾಹ್ನ ಪಟ್ಟಿಯಲ್ಲಿ ನೀರು ಇದ್ದಲ್ಲೇ ಇರುತ್ತದೆ, ಮೀಟರ್ ಮಾತ್ರ ಸುಮಾರು 2 ಸೆಂ.ಮೀ. ಕಡಿಮೆ ತೋರಿಸುತ್ತದೆ.

ಗಾಳಿ 1 ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಜಾಸ್ತಿಯಾಗುತ್ತದೆ, ಅಲ್ವಾ? ಸೆನ್ಸರ್ ಡಬ್ಬಿ ಮುಟ್ಟಿದರೆ ಕೈ ಸುಡುತ್ತದೆ. ಅದು ಗಾಳಿಯ ಬಿಸಿ ಬಿಟ್ಟು ಡಬ್ಬಿಯ ಬಿಸಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಿದೆ, ಅದಕ್ಕೇ ದೂರ ಜಾಸ್ತಿ ಬಂದು ನೀರು ಕಡಿಮೆ ಕಾಣುತ್ತಿದೆ ಅಂತ ನನ್ನ ಅನುಮಾನ.

ಮೇಲೆ ತಗಡಿನ ನೆರಳು ಮಾಡಿದರೆ ಸಾಕಾ? ತಾಪಮಾನದ ಸೆನ್ಸರ್ ಬೇರೆಯಾಗಿ ನೆರಳಲ್ಲಿ ಹಾಕಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಕೊನೆ ಹೊಲದವರ ಕಬ್ಬಿನ ಪಾಳಿ ಈ ಲೆಕ್ಕದ ಮೇಲೇ ನಿಂತಿದೆ.