ಇಂಟರ್‌ನ್ಯಾಷನಲ್ ಬಿಸಿನೆಸ್ ಪದವಿಯ ಜೊತೆಗೆ ಫ್ರೆಂಚ್: ಎಷ್ಟು ಕಲಿತರೆ ಉಪಯೋಗ?

(ಮುಂಬಯಿ–ಪುಣೆ ಕನ್ನಡಿಗರ ಗುಂಪಿನ ಪ್ರಶ್ನೋತ್ತರ. ಉತ್ತರಿಸುವವರು ಮುಂಬಯಿಯಲ್ಲಿ ಆಫ್ರಿಕಾದ ಫ್ರೆಂಚ್ ಭಾಷಿಕ ದೇಶಗಳಿಗೆ ಆಗುವ ರಫ್ತಿನ ಕಾಗದಪತ್ರಗಳನ್ನು ನೋಡಿಕೊಳ್ಳುವವರು, ಬಿಡುವಿನಲ್ಲಿ ಫ್ರೆಂಚ್ ಕಲಿಸುವವರು.)

ಪ್ರಶ್ನೆ (ಬಿಬಿಎ ವಿದ್ಯಾರ್ಥಿನಿ, ಪುಣೆ): ನಮಸ್ಕಾರ ಮೇಡಂ. ನಾನು ಬಿಬಿಎ ಇಂಟರ್‌ನ್ಯಾಷನಲ್ ಬಿಸಿನೆಸ್ ಮೊದಲ ವರ್ಷದಲ್ಲಿದ್ದೇನೆ. ವಿದೇಶಿ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದೇನೆ. ನಾಲ್ಕು ಸೆಮಿಸ್ಟರ್, ಒಂದೊಂದಕ್ಕೂ ಎರಡು ಕ್ರೆಡಿಟ್. ಉದ್ಯೋಗಕ್ಕೆ ಇಷ್ಟು ಸಾಕೇ, ಹೊರಗೂ ಕಲಿಯಬೇಕೇ? ಆ ಹೊತ್ತನ್ನು ಅಕೌಂಟ್ಸ್ ಮತ್ತು ಎಕ್ಸೆಲ್‌ಗೆ ಕೊಡು ಎಂದು ಸೀನಿಯರ್‌ಗಳು ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹೇಳುವುದು ಒಳ್ಳೆಯದು. ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ 15 ಗಂಟೆಗಳ ಪಾಠ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಎಂಟು ಕ್ರೆಡಿಟ್ ಆದರೆ ಒಟ್ಟು 120 ಗಂಟೆ. ಭಾಷೆಯ ಮಟ್ಟ ಅಳೆಯುವ ಯುರೋಪಿನ ಚೌಕಟ್ಟಿನಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಹಂತಗಳಿವೆ. 120 ಗಂಟೆಗಳ ಕಲಿಕೆ ಎ1 ದಾಟಿಸಿ ಎ2ರ ನಡುವಿಗೆ ತಂದು ನಿಲ್ಲಿಸುತ್ತದೆ. ಆ ಹಂತದಲ್ಲಿ ನೀವು ನಿಮ್ಮ ಪರಿಚಯ ಹೇಳಿಕೊಳ್ಳಬಲ್ಲಿರಿ, ದಾರಿ ಕೇಳಬಲ್ಲಿರಿ. ಆದರೆ ಸರಕು ಏಕೆ ತಡವಾಯಿತೆಂದು ಸಿಟ್ಟಿನಿಂದ ಬರೆದ ಗಿರಾಕಿಯ ಪತ್ರಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಆ ಕೆಲಸಕ್ಕೆ ಬಿ2 ಬೇಕು, ಮತ್ತು ಬಿ2 ತಲುಪಲು ಮೊದಲಿನಿಂದ ಎಣಿಸಿದರೆ ಸುಮಾರು 600 ಗಂಟೆಗಳ ಕಲಿಕೆ ಬೇಕೆಂಬುದು ಬೋಧಕರ ಸಾಮಾನ್ಯ ಅಂದಾಜು.

ಕೊರತೆ ಬೀಳುವ 480 ಗಂಟೆಗಳನ್ನು ಮೂರು ವರ್ಷಗಳಿಗೆ ಹಂಚಿದರೆ ವಾರಕ್ಕೆ ಮೂರು ಗಂಟೆಯ ಮೇಲೆ ಸ್ವಲ್ಪ ಬರುತ್ತದೆ. ಇದರಿಂದ ಅಕೌಂಟ್ಸ್‌ಗೆ ಕುತ್ತು ಬರುವುದಿಲ್ಲ. ಎಕ್ಸೆಲ್ ಅನ್ನು ಹೇಗೂ ಕಲಿಯಲೇಬೇಕು. ಪುಣೆಯಲ್ಲಿರುವ ನಿಮಗೆ ಅನುಕೂಲಗಳೂ ಹತ್ತಿರದಲ್ಲಿವೆ: ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ, ಫ್ರೆಂಚ್ ಕಲಿಸುವ ಸಂಸ್ಥೆಯಾದ ಅಲಿಯಾನ್ಸ್ ಫ್ರಾನ್ಸೇಸ್‌ನ ಕೇಂದ್ರವೂ ಊರಿನಲ್ಲಿದೆ. ಕಾಲೇಜಿನ ಪತ್ರಿಕೆಯನ್ನು ಅಂಕಕ್ಕಾಗಿ ಓದಿ, ಭಾಷೆಯನ್ನು ಇಂಥ ಕಡೆ ಕಲಿಯಿರಿ. ಎ2ರಲ್ಲೇ ನಿಲ್ಲಿಸುವ ಯೋಚನೆಯಿದ್ದರೆ ಮಾತ್ರ ನಿಮ್ಮ ಸೀನಿಯರ್‌ಗಳ ಮಾತನ್ನೇ ಕೇಳಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಅರ್ಧಕ್ಕೆ ಬಿಟ್ಟ ಫ್ರೆಂಚ್ ರೆಸ್ಯೂಮೆಯಲ್ಲಿ ಒಂದು ಸಾಲಾಗಿ ಉಳಿಯುತ್ತದೆಯೇ ಹೊರತು ಸಂಬಳಕ್ಕೆ ಏನನ್ನೂ ಸೇರಿಸುವುದಿಲ್ಲ.

ಅದೇ ವಿದ್ಯಾರ್ಥಿನಿ: ಬಿ2 ಮುಗಿಸಿದೆ ಎಂದಿಟ್ಟುಕೊಳ್ಳೋಣ. ವ್ಯಾಪಾರದಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ವ್ಯವಹರಿಸುತ್ತಾರಲ್ಲವೇ? ಫ್ರೆಂಚ್ ನಿಜವಾಗಿ ಎಲ್ಲಿ ಬೇಕಾಗುತ್ತದೆ?

ಉತ್ತರ: ಪ್ಯಾರಿಸ್ಸಿನ ದೊಡ್ಡ ಸಂಸ್ಥೆ ನಿಮ್ಮೊಂದಿಗೆ ಇಂಗ್ಲಿಷಿನಲ್ಲೇ ವ್ಯವಹರಿಸುತ್ತದೆ, ಅದು ನಿಜ. ಫ್ರೆಂಚ್ ಇಲ್ಲದೆ ಕೆಲಸ ಸಾಗದಿರುವುದು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ: ಸೆನೆಗಲ್, ಐವರಿ ಕೋಸ್ಟ್, ಬೆನಿನ್, ಟೋಗೊ, ಕ್ಯಾಮರೂನ್. ಭಾರತದ ಅಕ್ಕಿ, ಔಷಧ, ದ್ವಿಚಕ್ರ ವಾಹನಗಳು ಆ ಕಡೆಗೆ ಹೋಗುತ್ತವೆ. ಅಲ್ಲಿಂದ ಕಚ್ಚಾ ಗೋಡಂಬಿ ನಮ್ಮ ಕಡೆಗೆ ಬರುತ್ತದೆ. ಮಂಗಳೂರಿನ ಗೋಡಂಬಿ ಕಾರ್ಖಾನೆಗಳ ವಿಷಯ ಗೊತ್ತಿರುವ ಯಾರಿಗೂ ಐವರಿ ಕೋಸ್ಟ್, ಬೆನಿನ್‌ಗಳ ಹೆಸರು ಹೊಸದಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ಬೆನಿನ್‌ನ ಕೊಟೊನು ನಗರದ ಆಮದುದಾರನೊಬ್ಬ ಲೆಟರ್ ಆಫ್ ಕ್ರೆಡಿಟ್ (ಸರಿಯಾದ ದಾಖಲೆ ಒಪ್ಪಿಸಿದರೆ ಮಾರಾಟಗಾರನಿಗೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಭರವಸೆ ಪತ್ರ) ತೆರೆಸುತ್ತಾನೆ. ಅದರ ಚೌಕಟ್ಟು ಇಂಗ್ಲಿಷಿನಲ್ಲಿದ್ದರೂ ಸರಕಿನ ವಿವರಣೆ ಮತ್ತು ಬೇಕಾದ ದಾಖಲೆಗಳ ಪಟ್ಟಿ ಫ್ರೆಂಚಿನಲ್ಲಿ ಇರಬಹುದು. ಲೆಟರ್ ಆಫ್ ಕ್ರೆಡಿಟ್‌ಗೆ ಅನ್ವಯಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಕಮರ್ಷಿಯಲ್ ಇನ್‌ವಾಯ್ಸ್‌ನಲ್ಲಿ (ಮಾರಾಟಗಾರ ಕೊಡುವ ಸರಕಿನ ಬಿಲ್ಲಿನಲ್ಲಿ) ಬರೆಯುವ ಸರಕಿನ ವಿವರಣೆಯು ಆ ಪತ್ರದಲ್ಲಿರುವುದಕ್ಕೆ ಹೊಂದಬೇಕು. ದಾಖಲೆಗಳನ್ನು ಪರಿಶೀಲಿಸಿ ಒಪ್ಪಲು ಅಥವಾ ತಿರಸ್ಕರಿಸಲು ಬ್ಯಾಂಕಿಗೆ ಗರಿಷ್ಠ ಐದು ಬ್ಯಾಂಕಿಂಗ್ ದಿನಗಳು ಮಾತ್ರ ಇರುತ್ತವೆ. ನುಚ್ಚಕ್ಕಿ ಎಂದಿರುವುದನ್ನು ಕೇವಲ ಅಕ್ಕಿ ಎಂದು ಬರೆದು ಕಳಿಸಿದರೆ ದಾಖಲೆ ವಾಪಸ್ಸು ಬರುತ್ತದೆ, ಅಷ್ಟರಲ್ಲಿ ಹಡಗು ನ್ಹಾವಾ ಶೇವಾ ಬಂದರಿನಿಂದ ಹೊರಟು ಹೋಗಿರುತ್ತದೆ. ಇಂಥ ಕಾಗದವನ್ನು ಭಾಷಾಂತರಕಾರರಿಗೆ ಕೊಟ್ಟು ಕಾಯುವ ಬದಲು ಡಾಕ್ಯುಮೆಂಟೇಶನ್ ಮೇಜಿನಲ್ಲೇ ಓದಬಲ್ಲವರು ಇದ್ದರೆ ಸಂಸ್ಥೆಗೆ ಅದು ದೊಡ್ಡ ನೆಮ್ಮದಿ.

ಅಂಕಿಗಳಲ್ಲಿಯೂ ಎಚ್ಚರ ಬೇಕು. ಫ್ರೆಂಚ್ ಬರವಣಿಗೆಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ, ಸಾವಿರಗಳ ನಡುವೆ ಖಾಲಿ ಜಾಗ ಬಿಡುತ್ತಾರೆ. ತೂಕದ ಕಾಲಮ್ಮಿನಲ್ಲಿ 12,500 ಟನ್ ಎಂದಿದ್ದರೆ ಅದು ಹನ್ನೆರಡೂವರೆ ಟನ್. ನಾವು ಓದುವಂತೆ ಹನ್ನೆರಡು ಸಾವಿರದ ಐನೂರಲ್ಲ. ಫೋನಿನಲ್ಲಿ ದರ ಕೇಳುವಾಗ ಇನ್ನೂ ಕಷ್ಟ, ಏಕೆಂದರೆ ಫ್ರಾನ್ಸಿನ ರೂಢಿಯಲ್ಲಿ 97 ಎನ್ನಲು ನಾಲ್ಕು ಇಪ್ಪತ್ತು, ಹತ್ತು, ಏಳು ಎಂದು ಕೂಡಿಸಿ ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ವ್ಯಾಕರಣಕ್ಕಿಂತ ಮೊದಲು ದರಪಟ್ಟಿಯನ್ನು ಕೇಳಿಸಿ ಬರೆಸುವುದು ಇದೇ ಕಾರಣಕ್ಕೆ.

ಮುಂಬಯಿಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಕ್ಷೇತ್ರ ಔಷಧ ಕಂಪನಿಗಳ ರೆಗ್ಯುಲೇಟರಿ ವಿಭಾಗ. ಫ್ರೆಂಚ್ ಭಾಷಿಕ ಆಫ್ರಿಕಾದಲ್ಲಿ ಒಂದು ಮಾತ್ರೆಯನ್ನು ಮಾರಬೇಕಾದರೆ ಮಾರುಕಟ್ಟೆ ಅನುಮತಿಗೆ ಸಲ್ಲಿಸುವ ಕಡತ, ಡಬ್ಬಿಯ ಮೇಲಿನ ಬರಹ, ಒಳಗಿನ ಮಾಹಿತಿ ಚೀಟಿ ಇವೆಲ್ಲ ಫ್ರೆಂಚಿನಲ್ಲಿ ಸಿದ್ಧವಾಗಬೇಕು. ಗೋವಾದಲ್ಲೂ ಔಷಧ ಕಾರ್ಖಾನೆಗಳಿವೆ, ಆದ್ದರಿಂದ ಅಲ್ಲಿರುವ ನಮ್ಮವರೂ ಇದನ್ನು ಗಮನಿಸಬಹುದು.

ಪ್ರಶ್ನೆ (ಪಿಂಪ್ರಿ-ಚಿಂಚವಾಡದ ಸದಸ್ಯರು): ಮೇಡಂ, ಪುಣೆಯಲ್ಲಿ ಜರ್ಮನ್ ಕಂಪನಿಗಳೇ ಹೆಚ್ಚು ಕಾಣುತ್ತವೆ. ನನ್ನ ತಮ್ಮನಿಗೆ ಜರ್ಮನ್ ಕಲಿಸುವುದು ಮೇಲಲ್ಲವೇ?

ಉತ್ತರ: ನಿಮ್ಮ ತಮ್ಮ ಎಂಜಿನಿಯರಿಂಗ್ ಓದುತ್ತಿದ್ದು ಚಾಕಣದ ವಾಹನ ಕಾರ್ಖಾನೆಗಳ ಕಡೆ ಮನಸ್ಸಿದ್ದರೆ ಜರ್ಮನ್ ಕಲಿಸಿ, ಅದರಲ್ಲಿ ನನಗೆ ಅನುಮಾನವಿಲ್ಲ. ವಾಣಿಜ್ಯ ಓದಿ ರಫ್ತು, ಹಡಗು ಸಾಗಣೆ, ಆಫ್ರಿಕಾದ ಮಾರುಕಟ್ಟೆ ಎಂದು ಯೋಚಿಸುವವರಿಗೆ ಫ್ರೆಂಚ್ ಹೆಚ್ಚು ಬಾಗಿಲು ತೆರೆಯುತ್ತದೆ.

ಕಾನೂನಿನ ವಿಷಯದಲ್ಲೂ ಒಂದು ಅನುಕೂಲವಿದೆ. ಆಫ್ರಿಕಾದ 17 ದೇಶಗಳು 1993ರ ಒಪ್ಪಂದದಿಂದ ಹುಟ್ಟಿದ ಓಹಾಡಾ ಎಂಬ ಸಂಘಟನೆಯ ಮೂಲಕ ವಾಣಿಜ್ಯ ಕಾನೂನನ್ನು ಏಕರೂಪಗೊಳಿಸಿಕೊಂಡಿವೆ. ಅವುಗಳಲ್ಲಿ ಬಹುತೇಕ ಫ್ರೆಂಚ್ ಭಾಷಿಕ ದೇಶಗಳು. ಕಂಪನಿ ಸ್ಥಾಪನೆ, ಮಾರಾಟದ ಕರಾರು, ಸಾಲಕ್ಕೆ ಭದ್ರತೆ ಇವುಗಳ ನಿಯಮ ಒಂದು ದೇಶದ್ದು ತಿಳಿದರೆ ಉಳಿದ ದೇಶಗಳದ್ದೂ ಬಹುಪಾಲು ತಿಳಿದಂತೆ. ಬಿಸಿನೆಸ್ ಲಾ ಪತ್ರಿಕೆಯಲ್ಲಿ ಭಾರತದ ಸರಕು ಮಾರಾಟ ಕಾಯ್ದೆ ಓದುವಾಗಲೇ ಓಹಾಡಾದ ಮಾರಾಟ ನಿಯಮಗಳನ್ನು ಫ್ರೆಂಚಿನಲ್ಲಿ ಪಕ್ಕಕ್ಕಿಟ್ಟು ಓದಿದರೆ ಭಾಷೆಯೂ ವಿಷಯವೂ ಒಟ್ಟಿಗೆ ಗಟ್ಟಿಯಾಗುತ್ತವೆ. ಪದವಿ ಮತ್ತು ಭಾಷೆ ಎರಡನ್ನೂ ಬೇರೆ ಬೇರೆ ಹೊರೆಗಳಾಗಿ ಹೊತ್ತವರು ಎರಡನೆಯ ವರ್ಷದಲ್ಲಿ ಒಂದನ್ನು ಇಳಿಸಿಬಿಡುವುದನ್ನು ನಾನು ಕಂಡಿದ್ದೇನೆ. ಕೂಡಿಸಿ ಓದಿದವರು ಹಾಗೆ ಬಿಡುವುದು ಅಪರೂಪ.

ಪ್ರಶ್ನೆ (ಡೊಂಬಿವಲಿಯ ಪೋಷಕರು): ಮಗ ಫ್ರಾನ್ಸಿನಲ್ಲಿ ಮಾಸ್ಟರ್ಸ್ ಮಾಡಬೇಕೆನ್ನುತ್ತಾನೆ. ಕೋರ್ಸು ಇಂಗ್ಲಿಷಿನಲ್ಲೇ ಇರುತ್ತದಂತೆ. ಹಾಗಾದರೆ ಈಗ ಫ್ರೆಂಚ್‌ಗೆ ಹಣ ಖರ್ಚು ಮಾಡಬೇಕೇ? ಪರೀಕ್ಷೆ ಯಾವುದು ಬರೆಸಲಿ?

ಉತ್ತರ: ಸರ್, ಅಲ್ಲಿನ ಬಿಸಿನೆಸ್ ಸ್ಕೂಲುಗಳಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳು ಸಾಕಷ್ಟಿವೆ, ಮತ್ತು 2030ರ ವೇಳೆಗೆ ವರ್ಷಕ್ಕೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಫ್ರಾನ್ಸ್ ಇಟ್ಟುಕೊಂಡಿದೆ. ಪ್ರವೇಶ ಸಿಗುವುದಕ್ಕೆ ಫ್ರೆಂಚ್ ಅಡ್ಡಿಯಾಗದು. ಕಷ್ಟ ಶುರುವಾಗುವುದು ಇಂಟರ್ನ್‌ಶಿಪ್ ಹುಡುಕುವಾಗ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ದುಡಿಯಲು ಅವಕಾಶವಿದೆ; ಆದರೆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವುದಕ್ಕೂ ಭಾಷೆ ಬೇಕೇ ಬೇಕು. ಇಲ್ಲಿಂದ ಬಿ1 ಮುಗಿಸಿಕೊಂಡು ಹೋದರೆ ಅಲ್ಲಿನ ಮೊದಲ ಕೆಲವು ತಿಂಗಳು ವ್ಯರ್ಥವಾಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ತಾನಾಗಿಯೇ ಬರುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಇಂಗ್ಲಿಷ್ ಕೋರ್ಸಿನಲ್ಲಿ ನಮ್ಮ ಹುಡುಗರು ನಮ್ಮವರ ಜೊತೆಗೇ ಇದ್ದುಬಿಡುತ್ತಾರೆ.

ಪರೀಕ್ಷೆ ಡೆಲ್ಫ್ (ಫ್ರೆಂಚ್ ಭಾಷೆಯ ಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಪರೀಕ್ಷೆ) ಬರೆಸಿ. ಅದರ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಟಿಸಿಎಫ್ ಎಂಬ ಇನ್ನೊಂದು ಫ್ರೆಂಚ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ನಾಲ್ಕಕ್ಕೂ 25ರಂತೆ ಅಂಕ. ಒಟ್ಟು 50 ಬಂದರೆ ಉತ್ತೀರ್ಣ, ಆದರೆ ಯಾವ ಒಂದು ಭಾಗದಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ನಿಮ್ಮ ಮಗ ಜೂನಿಯರ್ ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡು ಒಳ್ಳೆಯ ಅಂಕ ಪಡೆದಿದ್ದರೂ, ಕೇಳಿ ಗ್ರಹಿಸುವ ಅಭ್ಯಾಸ ಬಹುಶಃ ಕಡಿಮೆಯೇ ಇರುತ್ತದೆ. ಕ್ಲಾಸಿಗೆ ಸೇರಿಸುವ ಮೊದಲು ಅವನ ಮಟ್ಟವನ್ನು ಅಳೆಯುವ ಪ್ಲೇಸ್‌ಮೆಂಟ್ ಪರೀಕ್ಷೆ ಕೊಡಿಸಿ, ಅದರಲ್ಲಿ ಬಂದ ಹಂತದಿಂದಲೇ ಶುರು ಮಾಡಿಸಿ. ಎ1ರ ಶುಲ್ಕವನ್ನು ಎರಡನೆಯ ಸಲ ಕಟ್ಟುವ ಅಗತ್ಯ ಬೀಳಲಿಕ್ಕಿಲ್ಲ.