ಬಾಲಕರ ಪ್ರೌಢಶಾಲೆಯ ತಿಂಗಳ ವಾರ್ತಾಪತ್ರ: ಹೆಡ್ಮಾಸ್ಟರ ಮಾತು ಹೇಗಿರಬೇಕು, ಏನು ಹಾಕಬಾರದು?

ಸ್ಟಾಫ್‌ರೂಮ್_ಕಿಟಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ ಅನುದಾನಿತ ಬಾಲಕರ ಪ್ರೌಢಶಾಲೆ, 8ರಿಂದ 10ನೇ ತರಗತಿ, ಸುಮಾರು 380 ಹುಡುಗರು. ಈ ವರ್ಷ ತಿಂಗಳ ವಾರ್ತಾಪತ್ರದ ಹೊಣೆ ನನ್ನ ಮೇಲಿದೆ. ಇದುವರೆಗೆ ಬರುತ್ತಿದ್ದದ್ದು ನಾಲ್ಕು ಪುಟ. ಮೊದಲ ಪುಟ ಪೂರ್ತಿ ಮುಖ್ಯೋಪಾಧ್ಯಾಯರ ಸಂದೇಶ, ಎರಡನೆಯದರಲ್ಲಿ ಆಡಳಿತ ಮಂಡಳಿ ಅಧ್ಯಕ್ಷರ ಶುಭಾಶಯ, ಮಿಕ್ಕದ್ದೆಲ್ಲ ಫೋಟೊ. ಪೋಷಕರು ಮಡಿಸಿಟ್ಟುಬಿಡುತ್ತಾರೆ, ಓದುವುದಿಲ್ಲ. ಎಚ್.ಎಂ. ಸರ್ ಬದಲಾವಣೆಗೆ ಒಪ್ಪಿದ್ದಾರೆ, ಆದರೆ ‘ಏನು ಬರೆಯಲಿ ಹೇಳಿ’ ಎನ್ನುತ್ತಾರೆ.

ಸಂದೇಶ ಎಷ್ಟುದ್ದ ಇರಬೇಕು, ಅದರಲ್ಲಿ ಏನಿರಬೇಕು? ಹುಡುಗರ ಜಗಳ, ಸಸ್ಪೆಂಡ್ ಮಾಡಿದ ಸಂಗತಿ ಇವನ್ನೆಲ್ಲ ತಿಳಿಸಬೇಕೋ ಬೇಡವೋ, ತಿಳಿಸಿದರೆ ಹೇಗೆ? ಹಳೆಯ ವಿದ್ಯಾರ್ಥಿಗಳು ತಮಗೂ ಒಂದು ಪುಟ ಕೇಳುತ್ತಿದ್ದಾರೆ. ಇನ್ನೊಂದು ತೊಂದರೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಹಳೇ_ಹೆಡ್ಮಾಸ್ಟರ್ ಉತ್ತರ:

ಮೇಷ್ಟ್ರೇ, ಮೊದಲು ಸಂದೇಶದ ಮಾತು ಮುಗಿಸೋಣ, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳುತ್ತದೆ.

ಒಂದು ತಿಂಗಳು, ಒಂದು ವಿಷಯ, 120ರಿಂದ 150 ಪದ. ಮೊದಲ ವಾಕ್ಯದಲ್ಲೇ ನಿರ್ಧಾರ ಮತ್ತು ದಿನಾಂಕ ಬರಬೇಕು. ಆಮೇಲೆ ಕಾರಣ, ಆಮೇಲೆ ಪೋಷಕರು ಏನು ಮಾಡಬೇಕು, ಕೊನೆಗೆ ಯಾರನ್ನು ಎಷ್ಟು ಹೊತ್ತಿಗೆ ಕೇಳಬೇಕು. ‘ವಿದ್ಯಾರ್ಥಿಗಳು ದೇಶದ ಭವಿಷ್ಯ’ ಎಂಬಂಥ ವಾಕ್ಯ ಬಂದರೆ ಹೊಡೆದುಹಾಕಿ. ಅದು ತಪ್ಪೆಂದಲ್ಲ, ಅದನ್ನು ಓದಿ ಯಾವ ಮನೆಯಲ್ಲೂ ಏನೂ ಬದಲಾಗುವುದಿಲ್ಲ. ಹುಡುಗರ ಶಾಲೆಗಳಲ್ಲಿ ಮೈಮೇಲೆ ಬರುವ ವಿಷಯ ಬೈಕು. ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ:

‘ಪೋಷಕರೆ, ಜುಲೈ 1ರಿಂದ ಶಾಲೆಯ ಆವರಣದಲ್ಲಾಗಲಿ ಗೇಟಿನ ಎದುರಾಗಲಿ ವಿದ್ಯಾರ್ಥಿಗಳ ಬೈಕು, ಸ್ಕೂಟರು ನಿಲ್ಲಿಸುವಂತಿಲ್ಲ. ನಮ್ಮ ಹುಡುಗರಿಗೆ 13ರಿಂದ 16 ವರ್ಷ. ಗೇರ್ ಇರುವ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅಪ್ರಾಪ್ತ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಬಸ್ಸಿನ ವೇಳೆ ಹೊಂದದ ಊರಿನವರು ಜೂನ್ 20ರೊಳಗೆ ಕಚೇರಿಯಲ್ಲಿ ಊರಿನ ಹೆಸರು ಬರೆಸಿ. ಪಟ್ಟಿಯನ್ನು ಡಿಪೋ ಮ್ಯಾನೇಜರಿಗೆ ಕೊಡುತ್ತೇವೆ.’

ಕೊನೆಯ ಎರಡು ವಾಕ್ಯ ಇಲ್ಲದಿದ್ದರೆ ಇದು ಬರೀ ಹೆದರಿಕೆಯ ಚೀಟಿ. ಎಷ್ಟೋ ಹುಡುಗರು ಬೈಕ್ ತರುವುದು ಶೋಕಿಗಲ್ಲ, ಒಂಬತ್ತು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ ಎಂಬ ಕಾರಣಕ್ಕೆ. ಇನ್ನೊಂದು ಮಾತು: ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ. ನಿಮ್ಮ ಹುಡುಗರಿಗೆ ರಿಯಾಯಿತಿ ಪಾಸೇ ಗತಿ, ಅರ್ಜಿ ಸೇವಾಸಿಂಧುವಿನಲ್ಲಿ. ಜೂನ್ ಸಂಚಿಕೆಯ ಮೊದಲ ಪುಟಕ್ಕೆ ಅದಕ್ಕಿಂತ ಮುಖ್ಯವಾದ ಸುದ್ದಿ ಇಲ್ಲ.

ವರ್ಷದಲ್ಲಿ ಎಲ್ಲರೂ ಎಡವುವ ಜಾಗ ಎಸ್ಸೆಸ್ಸೆಲ್ಸಿ ಫಲಿತಾಂಶ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಪರೀಕ್ಷೆ-1ರ ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ. 2025ರಲ್ಲಿ ಮೇ 2ಕ್ಕೆ ಬಂತು, ಪರೀಕ್ಷೆ-2 ಮೇ 26ಕ್ಕೆ ಶುರುವಾಯಿತು. ಜೂನ್ ಸಂಚಿಕೆಯಲ್ಲಿ ಟಾಪರ್‌ಗಳ ಫೋಟೊ ಹಾಕಿ ಅಭಿನಂದಿಸುವ ಹೊತ್ತಿಗೆ, ಯಾರಿಗೆ ಆ ಮಾಹಿತಿ ಬೇಕಿತ್ತೋ ಅವರ ನೋಂದಣಿಯ ದಿನವೇ ಕಳೆದಿರುತ್ತದೆ. ಆದ್ದರಿಂದ ಫಲಿತಾಂಶದ ದಿನ ಸಂಜೆಯೇ ಒಂದು ಪುಟದ ವಿಶೇಷ ಚೀಟಿ ಹೋಗಬೇಕು: ಪರೀಕ್ಷೆ-2ಕ್ಕೆ ನೋಂದಣಿಯ ಕೊನೆಯ ದಿನ, ರಜೆಯಲ್ಲಿ ಕಚೇರಿ ತೆರೆದಿರುವ ವೇಳೆ, ಯಾವ ವಿಷಯಕ್ಕೆ ಯಾವ ಮೇಷ್ಟ್ರು ಯಾವ ದಿನ ಪಾಠ ಹೇಳುತ್ತಾರೆ. ಪಾಸಾಗದವರ ಮನೆಗೆ ತರಗತಿ ಶಿಕ್ಷಕರ ಫೋನು ಬೇರೆ. 2024ರ ಪರೀಕ್ಷೆ-1ರಲ್ಲಿ ರಾಜ್ಯದ ಬಾಲಕಿಯರು ಶೇ. 81.11 ಪಾಸಾದರೆ ಬಾಲಕರು ಶೇ. 65.90. ಹುಡುಗರ ಶಾಲೆಯವರು ಈ ಅಂತರ ಮುಚ್ಚಿಟ್ಟು ಪ್ರಯೋಜನವಿಲ್ಲ. ನವೆಂಬರ್ ಸಂಚಿಕೆಯಲ್ಲೇ ಹಾಜರಾತಿ ಶೇ. 75ಕ್ಕಿಂತ ಕೆಳಗಿದ್ದರೆ ಪರೀಕ್ಷೆಗೆ ಕೂರಲು ತೊಂದರೆ ಎಂಬುದನ್ನು ಎಚ್.ಎಂ. ಹೆಸರಿನಲ್ಲೇ ಬರೆಯಿರಿ. ಕೊಯ್ಲಿನ ಕಾಲದಲ್ಲಿ ಕೂಲಿಗೆ ಹೋಗುವ ಹುಡುಗರು ಹೆಚ್ಚು, ಜನವರಿಯಲ್ಲಿ ಹೇಳಿದರೆ ತಡವಾಗುತ್ತದೆ.

ಅಧ್ಯಕ್ಷರ ಶುಭಾಶಯವನ್ನು ನನ್ನ ಮಟ್ಟಿಗೆ ಪೂರ್ತಿ ತೆಗೆಯಿರಿ.

ಮಕ್ಕಳ_ಪರ ಉತ್ತರ:

ಜಗಳ, ಶಿಸ್ತುಕ್ರಮದ ಬಗ್ಗೆ ಬರೆಯುತ್ತೇನೆ. ಈ ವಿಷಯದಲ್ಲಿ ಒಂದು ವಾಕ್ಯ ಎಡವಿದರೂ ಒಬ್ಬ ಹುಡುಗ ಶಾಲೆ ಬಿಡುತ್ತಾನೆ.

ವಾರ್ತಾಪತ್ರ ಕೊನೆಯ ಮೆಟ್ಟಿಲು. ಜಗಳ ನಡೆದ ದಿನವೇ ಎರಡೂ ಮನೆಗೆ ಫೋನು, ಮಾತಾಡುವವರು ತರಗತಿ ಶಿಕ್ಷಕರಲ್ಲ, ಎಚ್.ಎಂ. ಮಾರನೆಯ ದಿನ ಆ ತರಗತಿಯ ಪೋಷಕರಿಗೆ ಮಾತ್ರ ನಾಲ್ಕು ಸಾಲು. ತಿಂಗಳ ಕೊನೆಯ ಪತ್ರದಲ್ಲಿ ಘಟನೆ ಬರುವುದೇ ಬೇಡ, ಅದರಿಂದ ಶಾಲೆಯಲ್ಲಿ ಏನು ಬದಲಾಯಿತು ಎಂಬುದಷ್ಟೇ ಬರಲಿ: ‘ಸಂಜೆ 4.20ರಿಂದ 4.45ರವರೆಗೆ ಹಿಂದಿನ ಗೇಟಿನ ಬಳಿ ಇಬ್ಬರು ಶಿಕ್ಷಕರು ಇರುತ್ತಾರೆ. ಬಿಸಿಯೂಟದ ನಂತರ ಸೈಕಲ್ ಸ್ಟ್ಯಾಂಡಿಗೆ ಹೋಗುವಂತಿಲ್ಲ.’ ಓದುವವರಿಗೆ ಇಷ್ಟು ಸಾಕು.

ಹೆಸರು ಬಿಟ್ಟರೆ ಗುರುತು ಬಿಟ್ಟಂತಾಯಿತು ಎಂದು ತಿಳಿಯುವುದೇ ದೊಡ್ಡ ತಪ್ಪು. ‘9ನೇ ಬಿ ವಿಭಾಗದ ಹಾಸ್ಟೆಲ್ ಹುಡುಗನೊಬ್ಬ’ ಎಂದರೆ ಇಡೀ ಶಾಲೆಗೆ ಗೊತ್ತಾಗುತ್ತದೆ. ಪೊಲೀಸ್ ಅಥವಾ ಮಕ್ಕಳ ಕಲ್ಯಾಣ ಸಮಿತಿಯವರೆಗೆ ಹೋದ ಸಂಗತಿಯಾದರೆ ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಅನ್ವಯಿಸುತ್ತದೆ. ತಪ್ಪು ಮಾಡಿದ, ತೊಂದರೆಗೊಳಗಾದ, ಸಾಕ್ಷಿ ಹೇಳಿದ ಯಾವ ಮಗುವಿನದೂ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವಂತಿಲ್ಲ. ಅಲ್ಲಿ ಪತ್ರಿಕೆಯ ಜೊತೆಗೆ ಸುದ್ದಿಹಾಳೆಯನ್ನೂ ಹೇಳಿದೆ, ಅಂದರೆ ನಿಮ್ಮ ಹಾಳೆಯೂ ಬಂತು. ಶಿಕ್ಷೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಸುಳಿವು ಇದ್ದರೆ ಪೋಕ್ಸೊ ಕಾಯ್ದೆ. ಅದು ಹುಡುಗರಿಗೂ ಅಷ್ಟೇ ಅನ್ವಯ, ಇದನ್ನು ಹುಡುಗರ ಶಾಲೆಯಲ್ಲಿ ಒತ್ತಿ ಹೇಳಬೇಕು. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ‘ಒಳಗೇ ಬಗೆಹರಿಸಿದೆವು’ ಎನ್ನುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಪ್ರತಿ ಸಂಚಿಕೆಯಲ್ಲೂ ಒಂದೇ ಜಾಗದಲ್ಲಿ, ಹುಡುಗರ ಕಣ್ಣಿಗೆ ಬೀಳುವಂತೆ ಇರಲಿ.

ಫೋಟೊ ವಿಷಯ. ದಾಖಲಾತಿ ಸಮಯದಲ್ಲೇ ಒಂದು ಒಪ್ಪಿಗೆ ಚೀಟಿ, ಅದರಲ್ಲಿ ಮೂರು ಬೇರೆ ಬೇರೆ ಚೌಕ: ಅಚ್ಚಿನ ಪತ್ರಕ್ಕೆ, ವಾಟ್ಸಾಪಿಗೆ, ಹೊರಗಿನ ಫ್ಲೆಕ್ಸ್ ಮತ್ತು ಪತ್ರಿಕೆಗೆ. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಎನ್ನುವವರು ಇರುತ್ತಾರೆ. 2023ರ ಡಿಜಿಟಲ್ ದತ್ತಾಂಶ ಕಾಯ್ದೆಯೂ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಫೋಟೊ ಹಾಕುವ ಮುಂಚೆ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಕೈಯಲ್ಲಿರುವ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ, ಹಿಂದಿನ ಬೋರ್ಡಿನಲ್ಲಿ ಯಾರದೋ ಫೋನ್ ನಂಬರು, ಮೇಜಿನ ಮೇಲಿನ ಹಾಜರಿ ಪುಸ್ತಕ, ಹೀಗೆ ಸೋರುವುದೇ ಹೆಚ್ಚು. ಕುಸ್ತಿ, ಈಜು ಸ್ಪರ್ಧೆಯಾದರೆ ಬಹುಮಾನ ತೆಗೆದುಕೊಳ್ಳುವಾಗ ಅಂಗಿ ತೊಟ್ಟ ಫೋಟೊ ಇರಲಿ.

ದಾನಿಗಳು ಶೂ, ನೋಟ್‌ಬುಕ್ ಕೊಡುವಾಗ ಪಡೆಯುವ ಹುಡುಗನ ಮುಖ ದಯವಿಟ್ಟು ಹಾಕಬೇಡಿ. ಜೋಡಿಸಿಟ್ಟ ಶೂಗಳ ಫೋಟೊ ಸಾಕು. ಹದಿನಾಲ್ಕರ ಹುಡುಗನಿಗೆ ಆ ಅವಮಾನ ದೊಡ್ಡದು, ಬಾಯಿಬಿಟ್ಟು ಹೇಳಿಕೊಳ್ಳುವುದೂ ಇಲ್ಲ.

ಅಚ್ಚುಮೊಳೆ ಉತ್ತರ:

ನುಡಿಯ ತೊಂದರೆ: ನೀವು ಟೈಪ್ ಮಾಡುತ್ತಿರುವುದು ಹಳೆಯ ಆಸ್ಕಿ ಫಾಂಟಿನಲ್ಲಿ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟು ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ಆ ಫಾಂಟು ಇಲ್ಲದ ಫೋನಿನಲ್ಲಿ ಒಳಗಿನದು ಹೊರಬೀಳುತ್ತದೆ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯದನ್ನು ಕನ್ವರ್ಟರಿಗೆ ಹಾಕಿ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಅರ್ಕಾವೊತ್ತು ಇರುವ ಪದ (ಧರ್ಮ, ಕಾರ್ಯ), ದೀರ್ಘ, ಐತ್ವ ಮೂರನ್ನೂ ಬೆರಳಿಟ್ಟು ಓದಿ. ‘ಕುಮಾರ್‌ನ’ ಎಂಬುದು ‘ಕುಮಾರ್ನ’ ಆಗಿ ಒತ್ತಕ್ಷರ ಕೂಡಿಕೊಳ್ಳುತ್ತದೆ. ಹುಡುಗರ ಹೆಸರಿನ ಪಟ್ಟಿಯಲ್ಲಿ ಇದು ಹತ್ತು ಕಡೆ ಸಿಗುತ್ತದೆ. ಪ್ರೆಸ್ಸಿನವರು ಪುಟ ಕಟ್ಟಲು ಇನ್ನೂ ಹಳೆಯ ಪೇಜ್‌ಮೇಕರ್ ತಂತ್ರಾಂಶ ಬಳಸುತ್ತಿದ್ದರೆ ಅದಕ್ಕೆ ಯುನಿಕೋಡ್ ಬಾರದು. ಪುಟವನ್ನು ನೀವೇ ವರ್ಡ್ ಅಥವಾ ಲಿಬ್ರೆಆಫೀಸಿನಲ್ಲಿ ಕಟ್ಟಿ ಪಿಡಿಎಫ್ ಕೊಡಿ. ಇನ್‌ಡಿಸೈನ್ ಇದ್ದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು, ಇಲ್ಲದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿ.

ಅಳತೆ: ಒಂದು ಎ3 ಹಾಳೆ ನಡುವೆ ಮಡಿಸಿದರೆ ನಾಲ್ಕು ಎ4 ಪುಟ, ಪಿನ್ನು ಬೇಡ. ಕಾಗದ 80 ಜಿಎಸ್‌ಎಂ. 70 ಆದರೆ ಹಿಂದಿನ ಪುಟದ ಕಪ್ಪು ಈ ಕಡೆ ಕಾಣುತ್ತದೆ. ಅಕ್ಷರ 12ರಿಂದ 13 ಪಾಯಿಂಟ್, ಸಾಲಿನ ಅಂತರ 1.4. ಕನ್ನಡದ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿದರೆ ವಯಸ್ಸಾದವರು ಓದಲಾರರು. 380 ಮನೆಗೆ, ಜೊತೆಗೆ 30 ಹೆಚ್ಚುವರಿ, ಇಷ್ಟಕ್ಕೆ ಆಫ್‌ಸೆಟ್ ದುಬಾರಿ. ಊರಿನಲ್ಲಿ ರಿಸೋ (ಕಡಿಮೆ ಖರ್ಚಿನಲ್ಲಿ ನೂರಾರು ಪ್ರತಿ ತೆಗೆಯುವ) ಯಂತ್ರ ಇದ್ದರೆ ಅದೇ ಸರಿ. ರಿಸೋದಲ್ಲಿ ಗುಂಪು ಫೋಟೊದ ಮುಖಗಳು ಮಸಿ ಬಳಿದಂತೆ ಬರುತ್ತವೆ. ಒಂದು ಫೋಟೊದಲ್ಲಿ ನಾಲ್ಕೈದು ಮುಖ ಮೀರದಿರಲಿ, ಕಳಿಸುವ ಮುಂಚೆ ಬೆಳಕು ಸ್ವಲ್ಪ ಏರಿಸಿ.

ವಾಟ್ಸಾಪಿಗೆ: ಪಿಡಿಎಫ್ ಅನ್ನು ಡಾಕ್ಯುಮೆಂಟಾಗಿ ಕಳಿಸಿ, 2 ಎಂಬಿ ಒಳಗೆ. ಫೋಟೊ ತೆಗೆದು ಕಳಿಸಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಎಚ್.ಎಂ. ಸಂದೇಶವನ್ನು ಮಾತ್ರ ಬೇರೆಯಾಗಿ ಪಠ್ಯವಾಗಿಯೂ ಹಾಕಿ. ಅದನ್ನೇ ಅವರ ದನಿಯಲ್ಲಿ ಓದಿಸಿ ಒಂದೂವರೆ ನಿಮಿಷದ ಆಡಿಯೊ ಕಳಿಸಿದರೆ ಓದಲು ಬಾರದ ತಾಯಂದಿರಿಗೂ ಮುಟ್ಟುತ್ತದೆ. ಮಾಮೂಲಿ ಗ್ರೂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಕಮ್ಯುನಿಟಿಯ ಪ್ರಕಟಣೆ ಗ್ರೂಪಿನಲ್ಲಿ ಆ ತೊಂದರೆ ಇಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ನಂಬಬೇಡಿ: ಒಂದಕ್ಕೆ 256 ಜನ ಮಾತ್ರ, ಅದೂ ಶಾಲೆಯ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ.

ಹಳೆಯ_ಬೆಂಚು ಉತ್ತರ:

ಹಳೆಯ ವಿದ್ಯಾರ್ಥಿಗಳಿಗೆ ಪುಟ ಬೇಡ, ಕಾಲುಪುಟ ಸಾಕು. ಕೊಟ್ಟ ಹಣ ಎಲ್ಲಿ ಹೋಯಿತು ಎಂಬುದು ಅದರಲ್ಲಿ ಮೊದಲು ಬರಲಿ: ‘ಪ್ರಯೋಗಾಲಯಕ್ಕೆ ಬಂದ ಹಣ ಇಷ್ಟು, ಖರ್ಚು ಇಷ್ಟು, ಉಳಿಕೆ ಇಷ್ಟು.’ ಅಧ್ಯಕ್ಷರ ವಿಷಯದಲ್ಲಿ ಹಳೇ_ಹೆಡ್ಮಾಸ್ಟರ್ ಸರ್ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಕಟ್ಟಡ, ದುಡ್ಡು, ನೇಮಕಾತಿ ಮಂಡಳಿಯ ಕೈಯಲ್ಲಿದೆ. ಶುಭಾಶಯ ತೆಗೆಯಿರಿ, ಆದರೆ ಮೂರು ತಿಂಗಳಿಗೊಮ್ಮೆ ಅವರ ಹೆಸರಿನಲ್ಲಿ ಈ ಲೆಕ್ಕ ಬರಲಿ. ಸಹಿ ಹಾಕಿದವರಿಗೆ ಹೊಣೆಯೂ ಬರುತ್ತದೆ.

ಹೊರದೇಶದಲ್ಲಿರುವ ಹಳೆಯ ಹುಡುಗರಿಂದ ಹಣ ಕೇಳುವಾಗ ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ್ದೋ ಆಸ್ಟ್ರೇಲಿಯಾದ್ದೋ ಪೌರತ್ವ ಪಡೆದವರು ಕೊಟ್ಟರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಬೇಕು, ಹಣ ಮೊದಲು ಬಂದು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇಲ್ಲದಿದ್ದರೆ ಮನವಿಯ ಕೆಳಗೇ ‘ಭಾರತೀಯ ಪೌರರಿಂದ ಮಾತ್ರ’ ಎಂದು ಅಚ್ಚು ಹಾಕಿಸಿ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ (80ಜಿ ಎಂದು ಕರೆಯುವುದು) ಇದ್ದರೆ, 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಸಿಗದೆಂದೂ ಸೇರಿಸಿ.

ಸ್ಟಾಫ್‌ರೂಮ್_ಕಿಟಕಿ:

ಎಲ್ಲರಿಗೂ ತುಂಬ ಧನ್ಯವಾದ. ಜೂನ್ ಸಂಚಿಕೆಗೆ ಬಸ್ ಪಾಸು, ಜುಲೈಗೆ ಬೈಕು ಎಂದು ಎಚ್.ಎಂ. ಸರ್ ಒಪ್ಪಿದರು. ಒಪ್ಪಿಗೆ ಚೀಟಿ ಈ ವಾರವೇ ಅಚ್ಚಿಗೆ ಹೋಗುತ್ತದೆ. ಒಂದು ಉಳಿಯಿತು: ಕರಡು ಯಾರು ಯಾರು ನೋಡಬೇಕು? ಐದಾರು ಜನ ನೋಡಿದರೂ ತಪ್ಪು ಉಳಿಯುತ್ತಿದೆ.

ಹಳೇ_ಹೆಡ್ಮಾಸ್ಟರ್:

ಎಲ್ಲರೂ ಎಲ್ಲವನ್ನೂ ನೋಡುವುದರಿಂದಲೇ ಉಳಿಯುತ್ತದೆ. ಮೂರು ಜನ ಸಾಕು, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಗುಮಾಸ್ತರು ಹೆಸರು, ಇನಿಶಿಯಲ್‌ಗಳನ್ನು ದಾಖಲಾತಿ ಪುಸ್ತಕದ ಜೊತೆ ತಾಳೆ ನೋಡಲಿ. ಕನ್ನಡ ಮೇಷ್ಟ್ರು ಭಾಷೆ ನೋಡಲಿ. ಮೂರನೆಯವರು ದಿನಾಂಕಗಳನ್ನು ಮಾತ್ರ, ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು, ವಾರದ ಸಮೇತ ನೋಡಲಿ. ‘12, ಶನಿವಾರ’ ಎಂದು ಬರೆದು 12 ಭಾನುವಾರವಾಗಿದ್ದರೆ ಅರ್ಧ ಪೋಷಕರು ಒಂದು ದಿನ, ಇನ್ನರ್ಧ ಇನ್ನೊಂದು ದಿನ ಸಭೆಗೆ ಬರುತ್ತಾರೆ. ಎಚ್.ಎಂ. ಸಹಿ ಈ ಮೂವರ ಸಹಿ ಆದ ಮೇಲೆ, ಅಚ್ಚಿಗೆ ಹೋಗುವ ಪಿಡಿಎಫ್‌ನ ಮುದ್ರಿತ ಪ್ರತಿಯ ಮೇಲೆಯೇ ಬೀಳಲಿ.